ಸ್ಫೂರ್ತಿಗೆ ಕಾಯಿರಿ ಎನ್ನುವವರಿಗೆ

ಬರೆಯಬೇಕೆಂದು ಹೊರಟ ಹುಡುಗ ಹುಡುಗಿಯರಿಗೆ ನಮ್ಮ ಸಾಹಿತ್ಯ ವಲಯ ಮೊದಲು ಹೇಳಿಕೊಡುವ ಪಾಠ ಒಂದೇ: ಕಾಯಿರಿ. ಕವಿತೆಯನ್ನು ನೀವು ಬರೆಯಬಾರದು, ಅದೇ ನಿಮ್ಮಿಂದ ಬರೆಸಿಕೊಳ್ಳಬೇಕು. ಕಥೆ ಒಳಗಿನಿಂದ ಉಕ್ಕಬೇಕು, ಕೂತು ಹೆಣೆದದ್ದು ಕಥೆಯಲ್ಲ. ಯಾರೋ ಕೇಳಿದರೆಂದೋ ಗಡುವು ಹತ್ತಿರ ಬಂತೆಂದೋ ಬರೆದದ್ದು ಸಾಹಿತ್ಯವೇ ಅಲ್ಲ. ಕಮ್ಮಟಗಳಲ್ಲಿ, ಪುಸ್ತಕ ಬಿಡುಗಡೆಯ ವೇದಿಕೆಗಳಲ್ಲಿ, ಮುನ್ನುಡಿಗಳಲ್ಲಿ, ಸಂದರ್ಶನಗಳಲ್ಲಿ ಕೇಳಿ ಕೇಳಿ ಈ ಮಾತು ನಮಗೆ ಸಹಜವಾಗಿಬಿಟ್ಟಿದೆ. ಖಾಲಿ ಹಾಳೆಯ ಮುಂದೆ ಕೂತು ಒದ್ದಾಡುವುದು ಪ್ರತಿಭೆಯ ಲಕ್ಷಣ ಎಂಬಂತೆ ಮಾತಾಡುತ್ತೇವೆ. ಬಾರದ ಸ್ಫೂರ್ತಿಯನ್ನು ಬಾರದ ಮಳೆಯಷ್ಟೇ ಗೌರವದಿಂದ ಕಾಣುತ್ತೇವೆ.

ಈ ಮಾತು ಸುಳ್ಳು. ನಮ್ಮ ಸಾಹಿತ್ಯದ ಚರಿತ್ರೆಗೆ ಇದರಿಂದ ಅಪಚಾರವಾಗಿದೆ. ಅದಕ್ಕಿಂತ ಹೆಚ್ಚಾಗಿ, ಬಿಡುವಿಲ್ಲದ ಜನಕ್ಕೆ ಇದರಿಂದ ಅನ್ಯಾಯವಾಗಿದೆ. ಈ ಎರಡನ್ನೂ ಇಲ್ಲಿ ಹೇಳಬೇಕಾಗಿದೆ.

ಅನ್ಯಾಯದ ವಿಷಯ ಮೊದಲು. ಪೆಟ್ಟು ಬೀಳುವುದು ಯಾರಿಗೆ ಎಂದು ನೋಡಬೇಕಾದರೆ ಬೆಂಗಳೂರು ಮೈಸೂರು ಬಿಟ್ಟು ದಾವಣಗೆರೆ ತಾಲ್ಲೂಕಿನ ಕುಕ್ಕುವಾಡದ ಕಡೆ ಬರಬೇಕು. ಇದು ಭದ್ರಾ ನಾಲೆಯ ಸೀಮೆ. ಭತ್ತ, ಕಬ್ಬು, ಅಡಿಕೆ. ಊರಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ರಸ್ತೆಯುದ್ದಕ್ಕೂ ಟ್ರ್ಯಾಕ್ಟರ್ ಟ್ರೇಲರುಗಳು. ಇಲ್ಲಿಂದ ಬಸ್ಸು ಹತ್ತಿ ದಾವಣಗೆರೆಯ ಕಾಲೇಜಿಗೆ ಹೋಗುವ ಹುಡುಗಿಗೆ ಬೆಳಿಗ್ಗೆ ಎಮ್ಮೆಯ ಕೆಲಸ ಇರುತ್ತದೆ, ಸಂಜೆ ಒಲೆಯ ಕೆಲಸ ಇರುತ್ತದೆ. ನಡುವೆ ಸಿಗುವುದು ಒಂದು ತಾಸು. ಆ ತಾಸಿಗೆ ಸ್ಫೂರ್ತಿ ಬಾರದೆ ಹೋದರೆ? ಅವಳು ನಾಳೆ ಕಾಯಬೇಕು. ನಾಳೆಯೂ ಬಾರದಿದ್ದರೆ ನಾಡಿದ್ದು. ಇಡೀ ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಕಾಯಬಲ್ಲವನಿಗೆ ಈ ಸಿದ್ಧಾಂತ ಏನೂ ನಷ್ಟ ಮಾಡುವುದಿಲ್ಲ, ಅವನಿಗೆ ಕಾಯುವುದಕ್ಕೆ ಹೊತ್ತಿದೆ. ತಾಸು ಲೆಕ್ಕ ಹಾಕಿ ಬದುಕುವವಳಿಗೆ ಅದು ಬಾಗಿಲು ಮುಚ್ಚುತ್ತದೆ, ಮುಚ್ಚಿದ್ದು ತಾನಲ್ಲ ಅವಳ ಪ್ರತಿಭೆಯ ಕೊರತೆ ಎಂದು ನಂಬಿಸುತ್ತದೆ ಕೂಡ.

ಎರಡು ದಿನದ ಒಂದು ಕಮ್ಮಟದಲ್ಲಿ ಇದನ್ನು ಕಣ್ಣಾರೆ ಕಂಡೆ. ಕುಕ್ಕುವಾಡದ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ನಮ್ಮೂರಾಗೆ ಬರಿಯಾಕೆ ಏನೈತ್ರಿ ಸರ್? ಗುಡ್ಡ ಇಲ್ಲ, ಸಮುದ್ರ ಇಲ್ಲ. ಕಬ್ಬು, ಭತ್ತ, ನಾಲೆ, ಅಷ್ಟೆ. ಹಾಳಿ ಮುಂದೆ ಕುಂತ್ರೆ ಏನೂ ಹೊಳಿಯಲ್ಲ." ಅತಿಥಿಗಳು ಪ್ರೀತಿಯಿಂದಲೇ ಉತ್ತರಿಸಿದರು: "ಬಲವಂತ ಮಾಡ್ಕೋಬೇಡಮ್ಮ. ಹೊಳೆದಾಗ ಬರಿ. ಹೊಳೆಯದೆ ಬರೆದದ್ದು ಕಸ." ಸಭೆ ಚಪ್ಪಾಳೆ ತಟ್ಟಿತು. ಅವಳು ಕೂತಳು. ಆಮೇಲೆ ಆ ಎರಡು ದಿನ ಅವಳ ನೋಟ್‌ಬುಕ್ ತೆರೆಯಲಿಲ್ಲ.

ಊಟದ ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದೆ. ಕಬ್ಬು ಕಡಿದ ಮೇಲೆ ಕಾರ್ಖಾನೆಯ ಮುಂದೆ ಗಾಡಿ ನಿಂತರೆ ಮನೆಯಲ್ಲಿ ಏನಾಗುತ್ತದೆ ಎಂದು ಸುಮ್ಮನೆ ಕೇಳಿದೆ. ಅವಳು ಮಾತು ನಿಲ್ಲಿಸಲೇ ಇಲ್ಲ. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ, ಒಣಗಿದಷ್ಟೂ ತೂಕ ಇಳಿಯುತ್ತದೆ, ಆದ್ದರಿಂದ ಸರದಿಯಲ್ಲಿ ಗಾಡಿ ಎಷ್ಟು ಹೊತ್ತು ನಿಂತಿತು ಎನ್ನುವುದು ಮನೆಯ ದುಡ್ಡಿನ ಪ್ರಶ್ನೆ. ಡ್ರೈವರ್ ಟ್ರೇಲರಿನ ಕೆಳಗೆ ಗೋಣಿಚೀಲ ಹಾಸಿ ಮಲಗುತ್ತಾನೆ. ಅವನ ಬುತ್ತಿ ಇವರ ಮನೆಯಿಂದಲೇ ಹೋಗಬೇಕು. ಅಪ್ಪ ರಾತ್ರಿ ಮೂರು ಸಲ ಫೋನು ಮಾಡಿ "ಎಷ್ಟು ಗಾಡಿ ಮುಂದೆ ಅದಾವು?" ಎಂದು ಕೇಳುತ್ತಾರೆ. ಕಟಾವಿಗೆ ಬಂದವರ ಮಕ್ಕಳು ಗದ್ದೆ ಬದುವಿನ ಗುಡಿಸಲಿನಲ್ಲಿ ಇರುತ್ತಾರೆ. ಅವರಲ್ಲಿ ಒಂದು ಹುಡುಗಿ ಇವಳ ಹಳೆಯ ಚೂಡಿದಾರ ಹಾಕಿಕೊಂಡು ಓಡಾಡುತ್ತಿದ್ದಳು, ಒಂದು ಬೆಳಿಗ್ಗೆ ಗುಡಿಸಲುಗಳೇ ಇರಲಿಲ್ಲ. ಕಾನೂನಿನ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಬರಬೇಕು ಎನ್ನುವುದು ಅವಳಿಗೆ ಗೊತ್ತಿತ್ತು. ಆ 14 ದಿನಗಳಲ್ಲಿ ಅವ್ವ ಯಾವ ಅಂಗಡಿಯ ಮುಂದೆ ಹಾಯದೆ ಸುತ್ತು ಬಳಸಿ ಬರುತ್ತಾಳೆ ಎನ್ನುವುದೂ ಗೊತ್ತಿತ್ತು.

ಹೇಳಿ, ಈ ಹುಡುಗಿಗೆ ಯಾವುದರ ಕೊರತೆ ಇತ್ತು? ಸ್ಫೂರ್ತಿಯದೇ? ಅವಳ ಹಾಳೆ ಖಾಲಿ ಉಳಿದದ್ದು ತಾನು ಬಲ್ಲದ್ದೇ ಬರಹದ ಸರಕು ಎಂದು ಯಾರೂ ಅವಳಿಗೆ ಹೇಳದೆ ಇದ್ದುದರಿಂದ. ಮಲೆನಾಡಿನ ಮಳೆ, ಕರಾವಳಿಯ ಕಡಲು, ಧಾರವಾಡದ ಸಾಹಿತಿಗಳ ಅಟ್ಟ ಇವೆಲ್ಲ ಸಾಹಿತ್ಯದ ಊರುಗಳು, ನಮ್ಮ ಬಯಲು ಸೀಮೆಯ ಸಪಾಟು ನೆಲದಲ್ಲಿ ಹೊಳೆಯುವಂಥದ್ದೇನೂ ಇಲ್ಲ ಎಂಬ ಭ್ರಮೆಯನ್ನು ಸ್ಫೂರ್ತಿವಾದವೇ ಬೆಳೆಸಿದೆ. ನೋಟ ಚೆಂದವಿದ್ದರೆ ಮಾತು ತಾನೇ ಹುಟ್ಟುತ್ತದೆ ಎಂದು ನಂಬಿದವರಿಗೆ ಕಬ್ಬಿನ ಗದ್ದೆ ಕಾಣುವುದಿಲ್ಲ.

ಈಗ ಚರಿತ್ರೆಗೆ ಬರೋಣ. ಸ್ಫೂರ್ತಿಯನ್ನು ಪೂಜಿಸುವವರು ಅದು ನಮ್ಮ ಪರಂಪರೆ ಎನ್ನುತ್ತಾರೆ. ಅವರು ಕೊಡುವ ಮೊದಲ ಸಾಕ್ಷಿ ಕುಮಾರವ್ಯಾಸ. ಗದುಗಿನ ವೀರನಾರಾಯಣನ ಗುಡಿಯ ಬಾವಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಕಂಬದ ಬಳಿ ಕೂರುತ್ತಿದ್ದನಂತೆ, ಬಟ್ಟೆ ಆರುವವರೆಗೆ ಕಾವ್ಯ ಹರಿಯುತ್ತಿತ್ತಂತೆ, ಆರಿದೊಡನೆ ನಿಲ್ಲುತ್ತಿತ್ತಂತೆ. ಈ ಐತಿಹ್ಯವನ್ನು ದೈವಾವೇಶದ ಕಥೆಯಾಗಿ ಹೇಳುತ್ತಾ ಬಂದಿದ್ದೇವೆ. ಸ್ವಲ್ಪ ನಿಧಾನವಾಗಿ ನೋಡಿ. ದಿನವೂ ಅದೇ ಸ್ನಾನ, ಅದೇ ಕಂಬ, ಅಷ್ಟೇ ಹೊತ್ತು. ಇದು ಹೊತ್ತು ಗೊತ್ತು ಮಾಡಿಕೊಂಡ ಕೆಲಸಗಾರನ ದಿನಚರಿ. ಅವನ ಭಾರತದಲ್ಲಿ ಹತ್ತು ಪರ್ವಗಳಿವೆ, ಎಂಟು ಸಾವಿರಕ್ಕೂ ಮಿಕ್ಕಿದ ಭಾಮಿನಿ ಷಟ್ಪದಿಗಳಿವೆ. ದಿನಕ್ಕೆ ಹತ್ತು ಪದ್ಯವೆಂದು ಹಿಡಿದರೂ ಎಂಟುನೂರು ದಿನ ಆ ಬಟ್ಟೆ ಒದ್ದೆಯಾಗಬೇಕು. ಎಂಟುನೂರು ದಿನವೂ ಸ್ಫೂರ್ತಿ ಬಂತು ಎನ್ನುವುದಾದರೆ ಅದಕ್ಕೆ ಬೇರೆ ಹೆಸರಿದೆ, ಅಭ್ಯಾಸ ಎನ್ನುತ್ತಾರೆ.

ಅದೇ ಕುಮಾರವ್ಯಾಸ ಕಾವ್ಯದ ಆರಂಭದಲ್ಲಿ ತನ್ನ ಹೆಚ್ಚುಗಾರಿಕೆಯನ್ನು ಹೇಳಿಕೊಳ್ಳುತ್ತಾನೆ. ತಾನು ಹಲಗೆ ಬಳಪ ಹಿಡಿದು ಕರಡು ಮಾಡುವವನಲ್ಲ, ಇಟ್ಟ ಪದವನ್ನು ಅಳಿಸುವವನಲ್ಲ ಎಂಬುದು ಆ ಮಾತಿನ ತಿರುಳು. ಸ್ಫೂರ್ತಿವಾದಿಗಳು ಇದನ್ನು ಎತ್ತಿ ಎತ್ತಿ ತೋರಿಸುತ್ತಾರೆ. ಆದರೆ ಈ ಮಾತು ಹೆಗ್ಗಳಿಕೆ ಆಗುವುದು ಯಾವಾಗ? ಮಿಕ್ಕ ಕವಿಗಳೆಲ್ಲ ಹಲಗೆಯ ಮೇಲೆ ಬಳಪದಲ್ಲಿ ಬರೆದು, ಒರೆಸಿ, ಮತ್ತೆ ಬರೆದು, ಸರಿಯೆನಿಸಿದ ಮೇಲೆ ಓಲೆಗೆ ಇಳಿಸುತ್ತಿದ್ದಾಗ. ನಮ್ಮ ಕವಿಗಳು ಕರಡು ಮಾಡುತ್ತಿದ್ದರು, ಅದು ಎಲ್ಲರಿಗೂ ಗೊತ್ತಿತ್ತು, ಅದರಲ್ಲಿ ನಾಚಿಕೆಯೂ ಇರಲಿಲ್ಲ ಎನ್ನುವುದಕ್ಕೆ ಕುಮಾರವ್ಯಾಸನ ಆ ಪದ್ಯವೇ ಗಟ್ಟಿ ಸಾಕ್ಷಿ. ಒಬ್ಬ ಮಹಾಕವಿ ತನ್ನ ವಿಶೇಷ ಎಂದು ಹೇಳಿಕೊಂಡದ್ದನ್ನು ನಾವು ಎಲ್ಲರಿಗೂ ಕಾನೂನು ಮಾಡಿ ಕೂತಿದ್ದೇವೆ.

ಸಂಸ್ಕೃತದ ಆಲಂಕಾರಿಕ ರಾಜಶೇಖರ ಕಾವ್ಯಮೀಮಾಂಸೆಯಲ್ಲಿ ಕವಿಯ ದಿನವನ್ನೇ ಜಾವಜಾವವಾಗಿ ಹಂಚಿಕೊಟ್ಟಿದ್ದಾನೆ. ಓದಿಗೆ ಒಂದು ಹೊತ್ತು, ರಚನೆಗೆ ಒಂದು ಹೊತ್ತು, ಗೋಷ್ಠಿಗೆ ಒಂದು ಹೊತ್ತು, ಬರೆದದ್ದನ್ನು ಪರಿಶೀಲಿಸಿ ತಿದ್ದುವುದಕ್ಕೆ ಇನ್ನೊಂದು. ಕವಿಯ ಬಳಿ ಇರಬೇಕಾದ ಸಾಮಾನುಗಳಲ್ಲಿ ಹಲಗೆ ಬಳಪವನ್ನೂ ಸೇರಿಸಿದ್ದಾನೆ. ಹುಟ್ಟಿನಿಂದ ಬಂದ ಪ್ರತಿಭೆ ಇಲ್ಲದಿದ್ದರೂ ಓದು ಮತ್ತು ಯತ್ನದಿಂದ ಸೇವಿಸಿದವರಿಗೆ ವಾಗ್ದೇವಿ ಒಲಿದೇ ಒಲಿಯುತ್ತಾಳೆ ಎಂದವನು ದಂಡಿ. ಆ ದಂಡಿಯ ಕಾವ್ಯಾದರ್ಶವನ್ನು ಬಹಳ ಮಟ್ಟಿಗೆ ಅನುಸರಿಸಿ ಹುಟ್ಟಿದ್ದು ನಮ್ಮ ಕವಿರಾಜಮಾರ್ಗ. ಕನ್ನಡದಲ್ಲಿ ಉಳಿದು ಬಂದಿರುವ ಮೊಟ್ಟಮೊದಲ ಕೃತಿ ಯಾವುದು ಎಂದು ಮಕ್ಕಳನ್ನು ಕೇಳುತ್ತೇವಲ್ಲ, ಅದು ಬರೆಯುವುದು ಹೇಗೆ ಎಂದು ಕಲಿಸುವ ಪುಸ್ತಕ ಎನ್ನುವುದನ್ನು ಮಾತ್ರ ಮರೆಯುತ್ತೇವೆ. ಓದು ಕಲಿಯದೆಯೂ ಕಾವ್ಯ ಕಟ್ಟುವ ಕನ್ನಡಿಗರ ಜಾಣ್ಮೆಯನ್ನು ಹೊಗಳುವ ಅದರ ಮಾತು ಎಲ್ಲ ಭಾಷಣಗಳಲ್ಲೂ ಬರುತ್ತದೆ. ಆ ಗ್ರಂಥದ ಮೊದಲ ಪರಿಚ್ಛೇದವೇ ಬರಹದ ದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ತಿದ್ದುವುದಕ್ಕೆ ಮೀಸಲಾಗಿದೆ ಎನ್ನುವುದು ಯಾವ ಭಾಷಣದಲ್ಲೂ ಬರುವುದಿಲ್ಲ.

ಪಂಪನನ್ನು ನೋಡಿ. ಆದಿಪುರಾಣಕ್ಕೆ ಮೂರು ತಿಂಗಳು, ವಿಕ್ರಮಾರ್ಜುನ ವಿಜಯಕ್ಕೆ ಆರು ತಿಂಗಳು ಹಿಡಿಯಿತೆಂದು ಆದಿಕವಿ ತಾನೇ ಲೆಕ್ಕ ಕೊಟ್ಟಿದ್ದಾನೆ. ಒಂದು ಧರ್ಮಕ್ಕಾಗಿ, ಇನ್ನೊಂದು ತನ್ನನ್ನು ಪೊರೆದ ಅರಿಕೇಸರಿಗಾಗಿ. ಅದರಿಂದ ವಿಕ್ರಮಾರ್ಜುನ ವಿಜಯದ ಕರ್ಣ ಕಳೆಗುಂದಿದನೇ? ಶಾಸನ ಕವಿಗಳ ಮಾತೂ ಇದೇ. ಹರಿಹರದ ಹರಿಹರೇಶ್ವರನ ಗುಡಿಗೆ ಹೋದವರು ಅಲ್ಲಿಯ ಶಾಸನಗಳ ಮುಂದೆ ಒಂದು ಗಳಿಗೆ ನಿಲ್ಲಬೇಕು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಆ ಗುಡಿ ಕಟ್ಟಿಸಿದ. ನಮ್ಮ ಶಾಸನಗಳಲ್ಲಿ ಎಷ್ಟೋ ಅಪ್ಪಟ ಕಾವ್ಯಗಳು. ಅವನ್ನು ಬರೆದ ಕವಿಗೆ ಇಂಥವರ ದಾನ, ಇಂಥ ದಿನ, ಇಷ್ಟು ಜಾಗ ಎಂದು ಮೊದಲೇ ಗೊತ್ತಾಗಿರುತ್ತಿತ್ತು. ಕಲ್ಲು ಸಿದ್ಧವಾಗಿದೆ, ಕಂಡರಿಸುವವನು ಉಳಿ ಹಿಡಿದು ಕಾಯುತ್ತಿದ್ದಾನೆ. ಕವಿ ಸ್ಫೂರ್ತಿ ಬಂದಿಲ್ಲ ಎನ್ನುವಂತಿರಲಿಲ್ಲ. ಆದರೂ ಆ ಕವಿಗಳು ಚಂದದ ಕಂದಪದ್ಯ, ವೃತ್ತಗಳನ್ನು ಕಲ್ಲಿನ ಮೇಲೆ ಬಿಟ್ಟುಹೋದರು.

ಹಾಗಾದರೆ ಕಾಯುವ ಸಿದ್ಧಾಂತ ಎಲ್ಲಿಂದ ಬಂತು? ಬಹುಪಾಲು ಇಂಗ್ಲಿಷ್ ರಮ್ಯ ಕವಿಗಳಿಂದ. ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ತೆರೆದ ದಾರಿ ನಮಗೆ ದೊಡ್ಡ ಸಂಪತ್ತನ್ನು ತಂದುಕೊಟ್ಟಿತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ದಾರಿಯಲ್ಲಿ ಕವಿಯ ಕುರಿತ ಒಂದು ಪುರಾಣವೂ ಬಂತು. ಕೋಲ್‌ರಿಜ್ 'ಕುಬ್ಲಾ ಖಾನ್' ಕವಿತೆಯನ್ನು ಕನಸಿನಲ್ಲಿ ಕಂಡು, ಎದ್ದು ಬರೆಯುತ್ತಿದ್ದಾಗ ಯಾರೋ ಬಂದು ಬಾಗಿಲು ತಟ್ಟಿದರಂತೆ, ಉಳಿದದ್ದು ಮರೆತೇಹೋಯಿತಂತೆ. ನಮ್ಮ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಈ ಕಥೆ ಹೇಳಿದ್ದೇವೆ. ಆ ಕವಿತೆಯ ಕೈಬರಹದ ಪ್ರತಿಯೊಂದು ಉಳಿದಿದೆ, 1816ರಲ್ಲಿ ಅಚ್ಚಾದ ಪಾಠಕ್ಕೂ ಅದಕ್ಕೂ ವ್ಯತ್ಯಾಸಗಳಿವೆ, ಅಂದರೆ ಕವಿ ತಿದ್ದಿದ್ದಾನೆ ಎನ್ನುವುದನ್ನು ಹೇಳುವುದಿಲ್ಲ. ಕವಿಯ ಮಾತನ್ನು ಪಾಠ ಮಾಡಿದೆವು, ಕವಿಯ ಕೆಲಸವನ್ನು ಪಾಠ ಮಾಡಲಿಲ್ಲ.

ಕುವೆಂಪು ವಿಷಯದಲ್ಲೂ ಇದೇ ಆಯಿತು. 'ಶ್ರೀ ರಾಮಾಯಣ ದರ್ಶನಂ' ತನ್ನನ್ನು ಸೃಷ್ಟಿಸಿತು ಎಂಬರ್ಥದ ಕವಿಯ ಮಾತನ್ನು ನಾವು ಬಾಯಿಪಾಠ ಮಾಡಿಕೊಂಡಿದ್ದೇವೆ. ಅದು ಭಕ್ತನೊಬ್ಬನ ವಿನಯ, ದೊಡ್ಡ ಮಾತು. ಆದರೆ ಆ ಕಾವ್ಯಕ್ಕೆ ಸುಮಾರು ಒಂಬತ್ತು ವರ್ಷ ಹಿಡಿಯಿತು. ಕಾಲೇಜಿನಲ್ಲಿ ಪಾಠ ಹೇಳುತ್ತಾ, ಸಂಸಾರ ನಡೆಸುತ್ತಾ, ಮಹಾಛಂದಸ್ಸೊಂದನ್ನು ಪಳಗಿಸಿಕೊಳ್ಳುತ್ತಾ ಕಳೆದ ಒಂಬತ್ತು ವರ್ಷ. ಆ ವರ್ಷಗಳನ್ನು ಕಿತ್ತುಹಾಕಿ ಬರೀ ಸ್ಫೂರ್ತಿಯನ್ನು ಉಳಿಸಿಕೊಂಡವರು ಕುವೆಂಪು ಅವರಿಗೆ ಗೌರವ ತೋರಿದಂತೆ ಆಗುವುದಿಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ತ.ರಾ.ಸುಬ್ಬರಾಯರಿದ್ದಾರೆ. ಅವರು 1920ರಲ್ಲಿ ಹುಟ್ಟಿದ್ದು ಹರಿಹರದ ಕಡೆಯ ಮಲೇಬೆನ್ನೂರಿನಲ್ಲಿ. ಇವತ್ತು ಅದೂ ಭದ್ರಾ ನಾಲೆಯ ಊರು. ತ.ರಾ.ಸು. ಪತ್ರಿಕೆಯಲ್ಲಿ ದುಡಿದರು, ಕಾದಂಬರಿ ಬರೆದು ಬದುಕಿದರು. ಬರೆಯದಿದ್ದರೆ ಮನೆ ನಡೆಯದು ಎಂಬ ಸ್ಥಿತಿಯಲ್ಲಿದ್ದವರು. 'ಹಂಸಗೀತೆ' ಕೊಟ್ಟದ್ದು ಅದೇ ಕೈ. ಚಿತ್ರದುರ್ಗದ ಪಾಳೆಯಗಾರರನ್ನು ಒಂದಾದ ಮೇಲೊಂದು ಕಾದಂಬರಿಯಲ್ಲಿ ಹಿಡಿಯುತ್ತಾ ಹೋಗಿ, 1982ರಲ್ಲಿ, ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ 'ದುರ್ಗಾಸ್ತಮಾನ' ಕೊಟ್ಟದ್ದೂ ಅದೇ ಕೈ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ. 'ದುರ್ಗಾಸ್ತಮಾನ'ದ ಮದಕರಿ ನಾಯಕ ಒಂದು ಮಧ್ಯಾಹ್ನ ಹೊಳೆದವನಲ್ಲ. ಹಿಂದಿನ ಕಾದಂಬರಿಗಳ ರಾಶಿ ರಾಶಿ ಹಾಳೆಗಳ ಮೇಲೆ ನಡೆದು ಬಂದವನು.

ಹಾವೇರಿ ಕಡೆಯ ಗಳಗನಾಥರು 'ಸದ್ಬೋಧ ಚಂದ್ರಿಕೆ'ಗೆ ತಿಂಗಳು ತಿಂಗಳು ಬರೆದರು, ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಕ್ಕೆ ಓದುಗರನ್ನು ಹುಟ್ಟಿಸಿದವರಲ್ಲಿ ಅವರು ಮೊದಲಿಗರು. ಲಂಕೇಶ್ 1980ರಲ್ಲಿ ಪತ್ರಿಕೆ ತೆಗೆದ ಮೇಲೆ 2000ದ ಜನವರಿಯಲ್ಲಿ ತೀರಿಕೊಳ್ಳುವವರೆಗೆ ವಾರ ತಪ್ಪಿಸಲಾಗದ ಬದುಕು ಬದುಕಿದರು. 'ಟೀಕೆ ಟಿಪ್ಪಣಿ' ಬಂದದ್ದು ಆ ವಾರದ ಒತ್ತಡದಲ್ಲೇ, 'ನೀಲು' ಪದ್ಯಗಳು ಬಂದದ್ದೂ ಅದರಲ್ಲೇ. ಗಡುವಿಗೆ ಬರೆದದ್ದು ಸಾಹಿತ್ಯವಲ್ಲ ಎನ್ನುವವರು ನೀಲುವನ್ನು ಎಲ್ಲಿಡುತ್ತಾರೆ?

ದಾವಣಗೆರೆಯವರು ಇನ್ನೊಂದನ್ನು ಮರೆಯಬಾರದು. ಇದು ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ವೃತ್ತಿ ನಾಟಕ ಕಂಪನಿಯಲ್ಲಿ ನಾಟಕ ಬರೆಯುವವನನ್ನು ಕವಿ ಎಂದೇ ಕರೆಯುತ್ತಿದ್ದರು. ಕ್ಯಾಂಪಿನಲ್ಲಿ ಓಡುತ್ತಿದ್ದ ನಾಟಕ ಸೊರಗಿತೆಂದರೆ ಹೊಸದು ಬೇಕು. ಇರುವ ನಟರಿಗೆ ಒಪ್ಪುವ ಪಾತ್ರ, ಇರುವ ಪರದೆಗೆ ಒಪ್ಪುವ ದೃಶ್ಯ, ಹಾಡುವವರ ಶಾರೀರಕ್ಕೆ ಒಪ್ಪುವ ಹಾಡು ಆಗಬೇಕು. ಕಂದಗಲ್ಲ ಹನುಮಂತರಾಯರು ಬರೆದದ್ದು ಇಂಥ ರಂಗಕ್ಕೆ. ಅವರ 'ರಕ್ತರಾತ್ರಿ'ಯನ್ನು ಹಳ್ಳಿಗಳಲ್ಲಿ ಇವತ್ತಿಗೂ ರಾತ್ರಿಯಿಡೀ ಆಡುತ್ತಾರೆ. ಕೈಗೆ ಸಿಕ್ಕ ಕಟ್ಟುಪಾಡುಗಳನ್ನು ಈ ಕವಿಗಳು ಅಡ್ಡಿ ಎಂದು ಕಾಣಲಿಲ್ಲ. ಅಂಥ ಕಟ್ಟುಪಾಡುಗಳೇ ಮೊದಲ ಸಾಲನ್ನು ಕೊಡುತ್ತವೆ, ಇದನ್ನು ಬರೆದು ಬಲ್ಲ ಯಾರನ್ನು ಬೇಕಾದರೂ ಕೇಳಿ.

ಹೆಂಗಸರ ಬರಹದ ಚರಿತ್ರೆಯನ್ನಂತೂ ಸ್ಫೂರ್ತಿವಾದದ ಮೂಲಕ ಓದಲಿಕ್ಕೇ ಆಗುವುದಿಲ್ಲ. ತ್ರಿವೇಣಿ ಮೂವತ್ತೈದು ತುಂಬುವ ಮುನ್ನವೇ 1963ರಲ್ಲಿ ತೀರಿಕೊಂಡರು, ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದಿದ್ದರು. ಕಾಯುತ್ತಾ ಕೂತಿದ್ದರೆ 'ಶರಪಂಜರ' ನಮಗೆ ಸಿಗುತ್ತಿರಲಿಲ್ಲ. ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂತು, ಆಗ ಅವರಿಗೆ ನಲವತ್ತಾರರ ಆಸುಪಾಸು. ಸಂಸಾರ ಸಾಗಿಸಿದ ನಡುವಯಸ್ಸಿನ ಹೆಂಗಸು ತಾನು ಕಂಡು ಕೇಳಿದ್ದನ್ನು ಬರೆಯಲು ಕೂತರು. 1976ರಲ್ಲಿ 'ಫಣಿಯಮ್ಮ' ಬಂತು. ಅದರ ತಿರುಳು ಮನೆಯೊಳಗಿನ ಒಬ್ಬ ಮಡಿ ಹೆಂಗಸಿನ ಬದುಕು. ಮನೆಯಲ್ಲಿ ಎಲ್ಲರೂ ಕಂಡದ್ದು, ಯಾರೂ ಬರೆಯದೆ ಬಿಟ್ಟದ್ದು. ಕುಕ್ಕುವಾಡದ ಆ ಹುಡುಗಿಯ ಅವ್ವ ಸುತ್ತು ಬಳಸಿ ನಡೆಯುವ ದಾರಿಯೂ ಅಂಥದ್ದೇ ಅಲ್ಲವೇ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಎಲ್ಲರನ್ನೂ ದಿನಾ ಕೂತು ಬರೆಯಿರಿ ಎಂದರೆ ಸರಕು ತಯಾರಾಗುತ್ತದೆಯೇ ಹೊರತು ಸಾಹಿತ್ಯವಲ್ಲ, ಈಗಲೇ ಪುಸ್ತಕಗಳು ಹೆಚ್ಚಾಗಿವೆ, ದೇವನೂರ ಮಹಾದೇವ ಅವರನ್ನು ನೋಡಿ, ಎಷ್ಟು ಕಡಿಮೆ ಬರೆದರು, ಎಷ್ಟು ದೊಡ್ಡದು ಬರೆದರು ಎನ್ನುತ್ತಾರೆ. ಒಪ್ಪುತ್ತೇನೆ, ಅವರ ಪುಟಗಳು ಕಡಿಮೆ. ಆದರೆ 'ಕುಸುಮಬಾಲೆ'ಯ ಒಂದು ಪುಟ ತೆರೆದು ಓದಿ. ನಂಜನಗೂಡು ಸೀಮೆಯ ಮಾತು ಆ ಪುಟದಲ್ಲಿ ಉಸಿರಾಡುವ ಹದ, ಕೇರಿಯ ಜಗುಲಿಯ ಮೇಲೆ ವರ್ಷಗಟ್ಟಲೆ ಕಿವಿಗೊಟ್ಟು ಕೂತವರಿಗಷ್ಟೇ ದಕ್ಕುತ್ತದೆ. ಕಡಿಮೆ ಪ್ರಕಟಿಸುವುದು ಬೇರೆ, ಕಡಿಮೆ ಕೆಲಸ ಮಾಡುವುದು ಬೇರೆ. ದಿನಾ ಬರೆಯಿರಿ ಎಂದರೆ ಬರೆದದ್ದನ್ನೆಲ್ಲ ಅಚ್ಚು ಹಾಕಿಸಿ ಎಂದು ಅರ್ಥವಲ್ಲ. ಹಲಗೆ ಇರುವುದೇ ಒರೆಸುವುದಕ್ಕೆ. ಕೆಟ್ಟ ಪುಸ್ತಕಗಳು ಹೆಚ್ಚಾಗಿರುವುದಕ್ಕೆ ಕಾರಣ ಜನ ಹೆಚ್ಚು ಬರೆಯುತ್ತಿರುವುದಲ್ಲ, ಬರೆದದ್ದನ್ನು ತಿದ್ದದಿರುವುದು. ತಿದ್ದದಿರುವುದಕ್ಕೆ ಕಾರಣವೂ ಇದೇ ಸಿದ್ಧಾಂತ. ಒಳಗಿನಿಂದ ಉಕ್ಕಿ ಬಂದದ್ದಕ್ಕೆ ಕೈ ಹಚ್ಚಬಾರದು ಎಂದು ನಂಬಿದವರು ತಿದ್ದುವುದಾದರೂ ಹೇಗೆ?

ಹೊಳೆಯುವುದು ಎಂಬುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಬರೆಯುವವರೆಲ್ಲ ಅದನ್ನು ಬಲ್ಲರು. ಕೆಟ್ಟ ಮೂರನೆಯ ಸಾಲನ್ನು ಹೊಡೆದುಹಾಕಿ ನಾಲ್ಕನೆಯದಕ್ಕೆ ತಡಕಾಡುತ್ತಿರುವಾಗ ಬರುತ್ತದೆ. ಕಾಲು ಚಾಚಿ ಕಾಯುವವನ ಬಳಿ ಬರುವುದನ್ನು ನಾನಂತೂ ಕಂಡಿಲ್ಲ.

ಖಾಲಿ ಹಾಳೆಯ ಭಯ ನಮ್ಮ ಮಕ್ಕಳಿಗೆ ಹುಟ್ಟಿನಿಂದ ಬಂದದ್ದೂ ಅಲ್ಲ. ಅದನ್ನು ನಾವು ಶಾಲೆಯಲ್ಲೇ ತಯಾರು ಮಾಡುತ್ತೇವೆ. ಎಸ್ಸೆಸ್ಸೆಲ್ಸಿ ಮಗುವಿಗೆ ಪ್ರಬಂಧ ಎಂದರೆ ಏನು? ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಗ್ರಂಥಾಲಯಗಳ ಮಹತ್ವ, ಪರಿಸರ ಸಂರಕ್ಷಣೆ, ಸ್ವಚ್ಛತೆ. ಗೈಡಿನಲ್ಲಿ ಸಿದ್ಧವಾಗಿ ಸಿಗುತ್ತದೆ, ಬಾಯಿಪಾಠ ಮಾಡಿ ಇಳಿಸಿದರೆ ಅಂಕ. ಮಗು ಹತ್ತು ವರ್ಷ ಕನ್ನಡ ಓದಿ ಹೊರಬರುವಾಗ ತನ್ನ ಸ್ವಂತದ ಒಂದು ಪುಟವನ್ನೂ ಬರೆದಿರುವುದಿಲ್ಲ. ಬರೆದರೂ ಮೇಷ್ಟ್ರು ಕಾಗುಣಿತಕ್ಕೆ ಕೆಂಪು ಶಾಯಿ ಹಾಕುತ್ತಾರೆ, 'ಇಲ್ಲಿ ನಿಮ್ಮ ಅಪ್ಪ ಏನಂದರು? ಅದನ್ನೂ ಬರಿ' ಎಂದು ಬರೆದು ವಾಪಸ್ ಕೊಡುವವರು ಅಪರೂಪ. ನೂರಾರು ಉತ್ತರಪತ್ರಿಕೆ ತಿದ್ದುವ ಮೇಷ್ಟ್ರಿಗೆ ಹೊತ್ತಿಲ್ಲ ಎನ್ನುವುದೂ ನನಗೆ ಗೊತ್ತು, ತಪ್ಪು ಅವರೊಬ್ಬರದಲ್ಲ. ಇದಾದ ಮೇಲೆ ಅದೇ ಮಗು ಕಾಲೇಜಿಗೆ ಬಂದು ಕಮ್ಮಟಕ್ಕೆ ಹೋದರೆ ಅಲ್ಲಿ, ಹೊಳೆದಾಗ ಬರಿ ಎನ್ನುತ್ತಾರೆ. ಶಾಲೆಯಲ್ಲಿ ಸಿದ್ಧ ಪ್ರಬಂಧ, ಕಮ್ಮಟದಲ್ಲಿ ದೈವಕೃಪೆ. ಎರಡರ ನಡುವೆ ಒಂದು ಗೀಚಿ ಹೊಡೆದುಹಾಕಿದ ಕರಡನ್ನು ಆ ಮಗು ಕಣ್ಣಿಂದ ಕಂಡೇ ಇರುವುದಿಲ್ಲ. ದೊಡ್ಡ ಲೇಖಕರೂ ಕೆಟ್ಟ ಸಾಲು ಬರೆಯುತ್ತಾರೆ ಎಂಬ ಸರಳ ಸತ್ಯವನ್ನೇ ಅದರಿಂದ ಮುಚ್ಚಿಟ್ಟಿದ್ದೇವೆ.

ಈಗ ಮೊಬೈಲಿಗೆ ವಿಷಯ ಹೇಳಿದರೆ ಕ್ಷಣದಲ್ಲಿ ಪುಟ ತುಂಬಿಸಿಕೊಡುತ್ತದೆ. ಕರಡು ಎಂದರೆ ನಾಚಿಕೆ ಎಂದು ಕಲಿತ ಮಕ್ಕಳು ಅದರ ಮೊರೆ ಹೋದರೆ ಅವರನ್ನು ಬೈಯುವ ಹಕ್ಕು ನಮಗಿಲ್ಲ. ಆದರೆ ಭದ್ರಾ ಜಲಾಶಯ 186 ಅಡಿ ತುಂಬಿತೋ ಇಲ್ಲವೋ ಎಂದು ಬೆಳಗಾದರೆ ಪತ್ರಿಕೆಯಲ್ಲಿ ನೋಡುವ ಮನೆ, ಆನ್ ಅಂಡ್ ಆಫ್ ಲೆಕ್ಕದಲ್ಲಿ ನಾಲೆಗೆ ನೀರು ಬಿಟ್ಟಾಗ ಕೊನೆ ಭಾಗದ ಗದ್ದೆಗೆ ಹತ್ತುವಷ್ಟರಲ್ಲಿ ಸರದಿ ಮುಗಿಯುವುದು, ರಾತ್ರಿ ಬ್ಯಾಟರಿ ಹಿಡಿದು ತೂಬಿನ ಹತ್ತಿರ ಹೋದ ಅಣ್ಣ ತಮ್ಮಂದಿರು ಮಾತು ಬಿಟ್ಟದ್ದು, ಇವು ಯಾವ ಯಂತ್ರಕ್ಕೂ ಗೊತ್ತಿಲ್ಲ. ಆ ಮನೆಯ ಮಗುವಿಗೆ ಗೊತ್ತು. ಅದನ್ನು ಬರೆಸುವುದು ನಮ್ಮ ಕೆಲಸವಾಗಿತ್ತು.

ಆದ್ದರಿಂದ ಕಮ್ಮಟ ನಡೆಸುವವರಲ್ಲಿ, ಅಲ್ಲಿಗೆ ಅತಿಥಿಗಳಾಗಿ ಬರುವ ಹಿರಿಯರಲ್ಲಿ ನನ್ನ ಕೇಳಿಕೆ ಇಷ್ಟೆ. ದಾವಣಗೆರೆಗೆ ಬರುವಾಗ ನಿಮ್ಮ ಅಚ್ಚಾದ ಪುಸ್ತಕದ ಜೊತೆ ಅದರ ಕರಡನ್ನೂ ತನ್ನಿ. ಹೊಡೆದುಹಾಕಿದ ಪುಟಗಳನ್ನು ಮಕ್ಕಳ ಕೈಗೆ ಕೊಡಿ, ಎಲ್ಲಿ ಎಡವಿದಿರಿ, ಎಷ್ಟು ಸಲ ಬದಲಿಸಿದಿರಿ ಎಂದು ತೋರಿಸಿ. ಭಾಷಣ ಅರ್ಧ ತಾಸಿಗೆ ಮುಗಿಸಿ. ಆಮೇಲೆ ಅವರನ್ನು ಕೂರಿಸಿ ಒಂದು ಗೊತ್ತಾದ ವಿಷಯ ಕೊಡಿ: ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ದುಡ್ಡಿನ ಬಗ್ಗೆ ಯಾರು ಯಾರಿಗೆ ಏನೆಂದರು? ಬರೆದದ್ದನ್ನು ಅಲ್ಲೇ ಓದಿ, ಅಲ್ಲೇ ತಿದ್ದಿ, ಮತ್ತೊಮ್ಮೆ ಬರೆಸಿ. ಕುಕ್ಕುವಾಡದಿಂದ ಬಂದವರಿಗೆ ಕಾಯಿರಿ ಎಂದು ಹೇಳಬೇಡಿ. ಅವರ ಎರಡನೆಯ ಕರಡು ಮುಗಿಸಿ, ಊರಿನ ಬಸ್ಸು ಹೊರಡುವ ಮುಂಚೆ ಅವರನ್ನು ಕಳಿಸಿಕೊಡಿ.